ಟೀವಿ ಕಂಪನಿಯ ಕೊಡಗಿನ ಹೆಣ್ಣುಮಗಳು

ಸಂಜೆ ದೀಪ ಹಚ್ಚಿ, ಅನ್ನಕ್ಕಿಟ್ಟು ಧಾರಾವಾಹಿ ನೋಡಲು ಕೂರುವ ನಮಗೆ ಅದರ ನಾಯಕಿಯ ಹೆಸರು ಗೊತ್ತು, ಕಾಟ ಕೊಡುವ ಅತ್ತೆಯ ಹೆಸರೂ ಗೊತ್ತು. ಆ ಚಾನೆಲ್ಲನ್ನು ನಡೆಸುವವರು ಯಾರು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕು. ಉದಯ ಟೀವಿ ಇರುವುದು ಚೆನ್ನೈಯ ಸನ್ ಟೀವಿ ನೆಟ್‌ವರ್ಕ್ ಕಂಪನಿಯ ಕೈಯಲ್ಲಿ. ಅದರ ಆಡಳಿತದಲ್ಲಿ ಪತಿಯ ಜೊತೆ ಜವಾಬ್ದಾರಿ ಹೊತ್ತ ಕಾವೇರಿ ಕಲಾನಿಧಿ ನಮ್ಮ ಮೈಸೂರಿನ ಪಕ್ಕದ ಕೊಡಗು ಮೂಲದವರು ನೋಡಿ. ಹೆಸರಿನಲ್ಲೇ ಕಾವೇರಿ!

ಪತಿ ಕಲಾನಿಧಿ ಮಾರನ್, ಕೇಂದ್ರ ಸಚಿವರಾಗಿದ್ದ ಮುರಸೊಳಿ ಮಾರನ್ ಅವರ ಮಗ. ಮೊದಲು ಅವರು ‘ಪೂಮಾಲೈ’ ಎಂಬ ತಮಿಳು ವೀಡಿಯೋ ಪತ್ರಿಕೆ ತಂದರು. ಓದುವುದಲ್ಲ, ಕ್ಯಾಸೆಟ್ ಹಾಕಿ ನೋಡುವ ಪತ್ರಿಕೆ. 1993ರ ಏಪ್ರಿಲ್‌ನಲ್ಲಿ ಸನ್ ಟೀವಿ ಬಂತು. 1994ರ ಜೂನ್‌ನಲ್ಲಿ ಉದಯ ಟೀವಿ, ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್. ಅಲ್ಲಿಯವರೆಗೆ ದೂರದರ್ಶನವೇ ಗತಿ, ಗಾಳಿ ಬೀಸಿದರೆ ಯಾರಾದರೂ ತಾರಸಿ ಹತ್ತಿ ಆಂಟೆನಾ ತಿರುಗಿಸಬೇಕು. ಕೇಬಲಿನವರು ಮನೆಯಿಂದ ಮನೆಗೆ ತಂತಿ ಎಳೆದ ಮೇಲೆ ಆ ಕೆಲಸ ತಪ್ಪಿತು. ಮಾರನ್ ಕುಟುಂಬಕ್ಕೆ ತಮಿಳುನಾಡಿನಲ್ಲಿ ಸುಮಂಗಲಿ ಕೇಬಲ್ ವಿಷನ್ ಅಂತ ತಂತಿಯ ವ್ಯಾಪಾರವೂ ಇತ್ತು. ಹಾಲು ಕರೆಯುವವರೂ ಅವರೇ, ಮನೆಮನೆಗೆ ಹಾಕುವವರೂ ಅವರೇ ಅಂದ ಹಾಗೆ.

ಕಾವೇರಿಯವರು ಇಲ್ಲಿ ಹೆಸರಿಗೆ ಮಾತ್ರ ಕೂತ ಮನೆಯೊಡತಿಯಲ್ಲ. ಜಂಟಿ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದು, ಮುಂದೆ ಎಕ್ಸಿಕ್ಯೂಟಿವ್ ಡೈರೆಕ್ಟರ್ ಎನಿಸಿಕೊಂಡರು. 2006ರಲ್ಲಿ ಕಂಪನಿ ಶೇರು ಪೇಟೆಗೆ ಬಂತು. ಶೇರು ಪೇಟೆಯ ಕಂಪನಿ ಅಂದರೆ ದೊಡ್ಡವರ ಸಂಬಳವನ್ನೂ ವರ್ಷದ ವರದಿಯಲ್ಲಿ ಅಚ್ಚು ಹಾಕಲೇಬೇಕು. ಹಾಗಾಗಿ ಊರಿಗೆಲ್ಲ ತಿಳಿಯಿತು: 2010-11ರಲ್ಲಿ ಪತಿಗೆ 64 ಕೋಟಿ ರೂಪಾಯಿಗೂ ಮೇಲೆ, ಪತ್ನಿಗೂ ಅಷ್ಟೇ. 2020-21ರಲ್ಲಿ ಇಬ್ಬರಿಗೂ ತಲಾ 87.50 ಕೋಟಿ.

ಮೊತ್ತ ಕೇಳಿ ತಲೆ ತಿರುಗಿತೇ? ನನಗೆ ಬೆರಗಾದದ್ದು ಆ ‘ತಲಾ’ ಎಂಬ ಮಾತಿಗೆ. ನಮ್ಮ ಪೇಟೆ ಬೀದಿಯ ಎಷ್ಟೋ ಅಂಗಡಿಗಳಲ್ಲಿ ಹೆಂಡತಿ ಬೆಳಿಗ್ಗೆಯಿಂದ ಗಲ್ಲಾ ಪೆಟ್ಟಿಗೆ ನೋಡಿಕೊಳ್ಳುತ್ತಾಳೆ, ಲೆಕ್ಕ ಬರೆಯುತ್ತಾಳೆ. ಆಕೆಗೆ ಸಂಬಳ ಎಷ್ಟು ಅಂತ ಕೇಳಿದರೆ ಗಂಡನೂ ನಗುತ್ತಾನೆ, ಆಕೆಯೂ ನಗುತ್ತಾಳೆ.

ಹಾಗಂತ ಎಲ್ಲ ಸರಿ ಅನ್ನಲಾರೆ. ಕಂಪನಿಯ ನೂರರಲ್ಲಿ 75 ಪಾಲು ಶೇರು ಪತಿಯ ಕೈಯಲ್ಲೇ ಇರುವಾಗ ಸಂಬಳಕ್ಕೆ ಬೇಡ ಅನ್ನುವವರು ಯಾರು? ಇದು ವಿಪರೀತವಾಯಿತು ಎಂದು ಟೀಕಿಸಿದವರೂ ಉಂಟು. ಎಷ್ಟಾದರೂ ಹಣ ಬರುವುದು ಜಾಹೀರಾತಿನಿಂದ, ಮತ್ತೆ ನಮ್ಮ ನಿಮ್ಮ ಸಾಸಿವೆ ಡಬ್ಬಿಯಿಂದ.

ಮೈಸೂರಿನಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾದದ್ದು 2013ರ ಮಾರ್ಚ್ ಕೊನೆಯ ಗಡುವಿಗೆ. ಅದರಿಂದ ಯಾವ ಮನೆಗೆ ಯಾವ ಚಾನೆಲ್ ಅನ್ನುವ ಲೆಕ್ಕ ಇಡಲು ಸಾಧ್ಯವಾಯಿತು. 2019ರ ಫೆಬ್ರವರಿಯಿಂದ ದುಡ್ಡಿನ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಮುಂದಿನ ಸಲ ಕೇಬಲಿನವರು ಹಣಕ್ಕೆ ಬಂದಾಗ ಚಾನೆಲ್ಲಿನ ದರಪಟ್ಟಿ ಕೇಳಿ ನೋಡಿ. ಮನೆಯಲ್ಲಿ ಯಾರೂ ನೋಡದ ಚಾನೆಲ್ಲಿಗೆ ಗುರುತು ಹಾಕಿ ತೆಗೆಸಿಬಿಡಿ.