ಯಾವ ಮರಿಯನ್ನು ಉಳಿಸಿಕೊಳ್ಳಬೇಕು?

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ತಿಂದ ಸೊಪ್ಪನ್ನು ಹಾಲಾಗಿಸುವ ಆಡು ಯಾವುದು, ತಿಂದು ಹಿಕ್ಕೆ ಹಾಕುವುದಷ್ಟನ್ನೇ ಬಲ್ಲ ಆಡು ಯಾವುದು ಎಂಬುದನ್ನು ಮರಿಯಾಗಿದ್ದಾಗಲೇ ಗುರುತಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ನಗರದಲ್ಲಿರುವ ನಮಗೆ ಈ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಪುಣೆ ಮುಂಬಯಿಗಳ ಕನ್ನಡಿಗರಲ್ಲಿ ನಿವೃತ್ತರಾದ ಮೇಲೆ ಊರಿನ ಹೊಲದ ಕಡೆ ಮುಖ ಮಾಡುವವರಿದ್ದಾರೆ. ಇಲ್ಲಿಯೇ ಒಂದೆರಡು ಎಕರೆ ಕೊಂಡು ನಾಲ್ಕು ಆಡು ಕಟ್ಟುವ ಆಸೆಯುಳ್ಳವರೂ ಇದ್ದಾರೆ. ಅವರಿಗಾಗಿ, ಮತ್ತು ಲೋಕದ ಯಾವ ವಿದ್ಯೆಯನ್ನೂ ತಿಳಿಯಲು ಬೇಸರಿಸದ ಮಿಕ್ಕ ವಾಚಕರಿಗಾಗಿ, ಈ ಲೇಖನ.

2019ರ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿ ಆಡುಗಳ ಸಂಖ್ಯೆ 14 ಕೋಟಿ 88 ಲಕ್ಷ. ಇವುಗಳಲ್ಲಿ ಬಹುಪಾಲು ಇರುವುದು ಸಣ್ಣ ಹಿಡುವಳಿದಾರರ ಮತ್ತು ಹೊಲವೇ ಇಲ್ಲದವರ ಅಂಗಳದಲ್ಲಿ. ಆಡು ಬಡವನ ಹಸು ಎಂಬ ಮಾತು ಸುಮ್ಮನೆ ಹುಟ್ಟಲಿಲ್ಲ. ಹಸುವಿನ ಹಾಲನ್ನು ಬಿಟ್ಟಿದ್ದ ಗಾಂಧೀಜಿಯವರು 1918ರ ಕಾಯಿಲೆಯ ನಂತರ ಕಸ್ತೂರಬಾ ಅವರ ಒತ್ತಾಯದಿಂದ ಆಡಿನ ಹಾಲನ್ನು ಸ್ವೀಕರಿಸಿದ ಮೇಲೆ ಈ ಪ್ರಾಣಿಗೆ ಒಂದು ರಾಷ್ಟ್ರೀಯ ಗೌರವವೂ ಬಂದಿತು. ಆದರೆ ಗೌರವ ಬಂದಷ್ಟು ಸುಲಭವಾಗಿ ಹಾಲು ಹೆಚ್ಚಲಿಲ್ಲ.

ಚೆನ್ನಾದದ್ದು ಸಂತೆಗೆ, ಉಳಿದದ್ದು ವಂಶಕ್ಕೆ

ಅದಕ್ಕೆ ಕಾರಣಗಳಲ್ಲಿ ಒಂದು ಬಹು ಸರಳವಾದದ್ದು. ಚಾಕಣದ ಸಂತೆಗೋ ಲೋಣಂದದ ಸಂತೆಗೋ ಹೋಗಿ ನೋಡಿ. ಬೇಗ ಬೆಳೆದ, ಮೈ ತುಂಬಿದ, ಚುರುಕಾದ ಗಂಡು ಮರಿಗೆ ವ್ಯಾಪಾರಿ ಮೊದಲು ಕೈ ಹಾಕುತ್ತಾನೆ. ಬಕ್ರೀದ್ ಹಬ್ಬ ಹತ್ತಿರ ಬಂದಾಗಲಂತೂ ಊನವಿಲ್ಲದ ಅಂದವಾದ ಹೋತಗಳಿಗೆ ಬೆಲೆ ಏರುತ್ತದೆ. ಮನೆಯಲ್ಲಿ ಮಗನ ಶಾಲೆಯ ಶುಲ್ಕವೋ ಔಷಧದ ಖರ್ಚೋ ಎದುರು ನಿಂತಿರುವಾಗ ಸಾಕಿದವನು ಆ ಬೆಲೆಯನ್ನು ಬೇಡವೆನ್ನಲಾರ. ಹೀಗೆ ಚೆನ್ನಾದ ಮರಿ ತನ್ನ ಸಂತಾನವನ್ನು ಕಾಣುವ ಮೊದಲೇ ಹಿಂಡನ್ನು ಬಿಡುತ್ತದೆ. ಯಾರೂ ಕೊಳ್ಳದ ಕುಳ್ಳು ಮರಿ ಉಳಿಯುತ್ತದೆ. ಆರೇಳು ತಿಂಗಳಲ್ಲಿ ಅದೇ ಹಿಂಡಿನ ಯಜಮಾನನಾಗುತ್ತದೆ. ಮುಂದಿನ ವರ್ಷದ ಮರಿಗಳೆಲ್ಲ ಅದರವು. ಇದು ಹತ್ತು ವರ್ಷ ನಡೆದರೆ ತಳಿ ಇಳಿಯದೆ ಇನ್ನೇನಾದೀತು? ಬಿತ್ತನೆಯ ಕಾಳನ್ನು ಅಟ್ಟು ಉಂಡು, ಜೊಳ್ಳನ್ನು ಹೊಲಕ್ಕೆ ಚೆಲ್ಲಿದಂತೆ ಇದು.

ಆದುದರಿಂದ ಮರಿಯನ್ನು ನೋಡಿ ತೂಗುವ ವಿದ್ಯೆ ಬರಿಯ ಪ್ರದರ್ಶನದ ಪದಕಕ್ಕಾಗಿ ಅಲ್ಲ. ಯಾವ ಮರಿಯನ್ನು ಮಾರಬಹುದು, ಯಾವುದನ್ನು ಎಷ್ಟು ಬೆಲೆ ಬಂದರೂ ಮಾರಬಾರದು ಎಂಬ ಸಂಸಾರದ ಪ್ರಶ್ನೆಗೆ ಅದು ಉತ್ತರ.

ತಳಿಯ ಗುರುತು ಬೇರೆ, ಹಾಲಿನ ಗುರುತು ಬೇರೆ

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಯಮುನೆ ಚಂಬಲ್ ನದಿಗಳ ನಡುವಣ ಇಟಾವಾ ಸೀಮೆಯ ಜಮುನಾಪಾರಿಗೆ ಉದ್ದನೆಯ ಜೋಲುಕಿವಿ, ಗಿಳಿಮೂಗು. ಬರ್ಬರಿಗೆ ಸಣ್ಣ ನೆಟ್ಟಗಿವಿ. ಸುರತಿಗೆ ಬಿಳಿಯ ಮೈ. ಉಸ್ಮಾನಾಬಾದಿಗೆ ಬಹುಮಟ್ಟಿಗೆ ಕಪ್ಪು. ಪುಣೆ, ನಾಸಿಕ ಮತ್ತು ಈಗ ಅಹಿಲ್ಯಾನಗರವೆನಿಸಿಕೊಂಡಿರುವ ಅಹಮದನಗರ ಜಿಲ್ಲೆಗಳ ಸಂಗಮನೇರಿಯಲ್ಲಿ ಬಿಳಿ, ಕಪ್ಪು, ಕಂದು ಎಲ್ಲ ಬಣ್ಣಗಳೂ ಉಂಟು. ಕರ್ನಾಟಕದ ನಂದಿದುರ್ಗ ಮತ್ತು ಬೀದರಿನ ಆಡುಗಳು ಹಾಲಿಗಿಂತ ಮಾಂಸಕ್ಕೇ ಹೆಸರಾದವು. ಈ ಕಿವಿ, ಮೂಗು, ಬಣ್ಣಗಳು ತಳಿ ಶುದ್ಧವೇ ಎಂದು ಹೇಳುತ್ತವೆಯೇ ಹೊರತು ಕೆಚ್ಚಲಿಗೆ ಹಾಲು ಬರುವುದೇ ಎಂದು ಹೇಳುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಉದ್ದ ಕಿವಿಯೊಂದನ್ನೇ ನೋಡಿ ಹೆಚ್ಚು ಹಣ ಕೊಡುವವರು ಕಿವಿಯನ್ನು ಕೊಂಡರೆಂದೇ ತಿಳಿಯಬೇಕು.

ಹುಟ್ಟಿದ ದಿನದ ಪರೀಕ್ಷೆ

ಮರಿ ಹುಟ್ಟಿ ಮೈ ಒಣಗಿ ಎದ್ದು ನಿಂತ ದಿನವೇ ನೋಡಬೇಕಾದ ನಾಲ್ಕು ಸಂಗತಿಗಳಿವೆ. ಒಂದು, ಬಾಯಿ. ಆಡಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ವಸಡಿದೆ. ಕೆಳಗಿನ ಹಲ್ಲುಗಳು ಆ ವಸಡಿಗೆ ಸರಿಯಾಗಿ ತಾಗಬೇಕು. ದವಡೆ ಹಿಂದೆ ಸರಿದಿದ್ದರೂ ಮುಂದೆ ಚಾಚಿದ್ದರೂ ಮುಂದೆ ಮೇಯುವುದು ಕಷ್ಟ. ಜಮುನಾಪಾರಿಯ ಗಿಳಿಮೂಗಿಗೆ ಮರುಳಾಗದೆ ತುಟಿ ಬಿಡಿಸಿ ಒಳಗೆ ನೋಡುವುದು ಮೇಲು.

ಎರಡು, ಮೊಲೆತೊಟ್ಟು. ಆಡಿಗೆ ಇರಬೇಕಾದದ್ದು ಎರಡೇ. ಪಕ್ಕದಲ್ಲಿ ಮೂರನೆಯದು, ನಾಲ್ಕನೆಯದು ಮೊಳೆತಿದ್ದರೆ, ಅಥವಾ ಒಂದೇ ತೊಟ್ಟು ಎರಡಾಗಿ ಸೀಳಿದ್ದರೆ, ಹಾಲು ಕರೆಯುವಾಗ ತೊಂದರೆ ತಪ್ಪದು. ಈ ದೋಷ ವಂಶದಲ್ಲಿ ಹರಿಯುವಂಥದು. ಗಂಡು ಮರಿಯಲ್ಲಿಯೂ ತಪ್ಪದೆ ನೋಡಬೇಕು. ಮೂರು, ಹೊಕ್ಕುಳ. ಅಲ್ಲಿ ಕರುಳು ಉಬ್ಬಿ ಬರುವ ಮರಿಯನ್ನು ವಂಶಕ್ಕೆ ಇಡಬಾರದು.

ನಾಲ್ಕನೆಯದು ಕೊಂಬಿನ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಸಾನೆನ್‌ನಂಥ ಪಾಶ್ಚಾತ್ಯ ತಳಿಗಳಲ್ಲಿ ಹುಟ್ಟಾ ಕೊಂಬಿಲ್ಲದ ಆಡುಗಳಿವೆ. ಕೊಂಬಿಲ್ಲದ ಪ್ರಾಣಿ ಸಾಕಲು ಸುಲಭವೆಂದು ಕೊಂಬಿಲ್ಲದ ಹೋತಕ್ಕೆ ಕೊಂಬಿಲ್ಲದ ಆಡನ್ನೇ ಕೂಡಿಸಿದರೆ ಪ್ರಕೃತಿ ದಂಡ ವಿಧಿಸುತ್ತದೆ. ತಂದೆತಾಯಿ ಇಬ್ಬರಿಂದಲೂ ಆ ಗುಣವನ್ನು ಪಡೆದ ಹೆಣ್ಣು ಮರಿ ಅತ್ತ ಹೆಣ್ಣೂ ಅಲ್ಲದೆ ಇತ್ತ ಗಂಡೂ ಅಲ್ಲದೆ ಗೊಡ್ಡಾಗಿ ಬೆಳೆಯುತ್ತದೆ. ಜೋಡಿಯಲ್ಲಿ ಒಂದಕ್ಕಾದರೂ ಕೊಂಬಿರಲಿ.

ನಿಲ್ಲಿಸಿ, ನಡೆಸಿ, ಮುಟ್ಟಿ

ಮೂರು ತಿಂಗಳಲ್ಲಿ ಹಾಲು ಬಿಡಿಸಿದ ಮೇಲೆ ಎರಡನೆಯ ಪರೀಕ್ಷೆ. ಮರಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಇಳಿಜಾರಿನಲ್ಲಿ ನಿಂತ ಮರಿ ಒಳ್ಳೆಯ ಸಾಕ್ಷಿಯಲ್ಲ. ಅವಸರದಿಂದ ಎತ್ತಿಕೊಳ್ಳದೆ ಮೊದಲು ದೂರದಿಂದ ನೋಡಿ.

ಮುಂದಿನಿಂದ ನೋಡಿದಾಗ ಎರಡು ಮುಂಗಾಲುಗಳ ನಡುವೆ ಎಡೆಯಿರಬೇಕು. ಎದೆ ಕಿರಿದಾಗಿ ಕಾಲುಗಳು ಒಂದಕ್ಕೊಂದು ಅಂಟಿದಂತಿದ್ದರೆ ಒಳಗಿನ ಹೃದಯ ಶ್ವಾಸಕೋಶಗಳಿಗೂ ಇಕ್ಕಟ್ಟೇ. ಪಕ್ಕದಿಂದ ನೋಡಿದಾಗ ಬೆನ್ನು ಹೆಗಲಿನಿಂದ ಸೊಂಟದವರೆಗೆ ಸಮವಾಗಿ ಬಲವಾಗಿರಬೇಕು. ಹಗ್ಗದ ಮಂಚದಂತೆ ನಡುವೆ ಕುಸಿದಿರಬಾರದು. ಮುಂಗಾಲಿನ ಹಿಂದೆ ಎದೆಗೂಡು ಆಳವಾಗಿದ್ದು, ಹೊಟ್ಟೆಯ ಕಡೆಗೆ ಇನ್ನೂ ಆಳವಾಗುತ್ತ ಹೋಗಬೇಕು. ಹೆಚ್ಚು ಮೇವನ್ನು ಹಿಡಿಸುವ ಹೊಟ್ಟೆಯೇ ಹೆಚ್ಚು ಹಾಲಿನ ಉಗ್ರಾಣ.

ಇಲ್ಲಿ ಒಂದು ಎಚ್ಚರಿಕೆ. ಜಂತುಹುಳು ತುಂಬಿದ ಮರಿಯ ಹೊಟ್ಟೆಯೂ ದೊಡ್ಡದಾಗಿಯೇ ಕಾಣುತ್ತದೆ! ಕೆಳಗಣ್ಣಿನ ರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ನೋಡಿ. ಒಳಬದಿ ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹುಳುವಿನ ಬಾಧೆಯಿರಬಹುದು. ಮೊದಲು ಔಷಧ, ಆಮೇಲೆ ಪರೀಕ್ಷೆ.

ಇನ್ನು ಹಿಂಭಾಗ. ಸೊಂಟದ ಮೂಳೆಯಿಂದ ಬಾಲದ ಎರಡೂ ಕಡೆ ಕೈಗೆ ಸಿಗುವ ಮೂಳೆಯವರೆಗಿನ ಜಾಗ ಉದ್ದವಾಗಿ, ಅಗಲವಾಗಿ, ಹಿಂದಕ್ಕೆ ಸ್ವಲ್ಪವೇ ಇಳಿಜಾರಾಗಿರಬೇಕು. ಕಡಿದಾದ ಇಳಿಜಾರು, ಕಿರಿದಾದ ಮೂಳೆ ಒಳ್ಳೆಯ ಲಕ್ಷಣವಲ್ಲ. ಮರಿ ಹೊರಬರುವ ದಾರಿಯೂ ಮುಂದೆ ಕೆಚ್ಚಲು ತೂಗುವ ನೆಲೆಯೂ ಇದೇ. ಹಿಂದಿನಿಂದ ನೋಡಿದಾಗ ಹಿಂಗಾಲುಗಳ ಕೀಲುಗಳು ಒಂದಕ್ಕೊಂದು ಉಜ್ಜದೆ ದೂರವಿರಬೇಕು. ನಾಳೆ ಆ ಎಡೆಯಲ್ಲಿಯೇ ಹಾಲು ತುಂಬಿದ ಕೆಚ್ಚಲು ಇರಬೇಕಲ್ಲವೆ?

ಗೊರಸಿನ ಮೇಲಿನ ಗಿಣ್ಣು ನೆಲಕ್ಕೆ ಬಾಗಿ ಮಲಗಿರಬಾರದು. ನಾಲ್ಕು ಹೆಜ್ಜೆ ನಡೆಸಿದರೆ ನಿಂತಾಗ ಕಾಣದ ಕಾಲಿನ ದೋಷವೆಲ್ಲ ಕಾಣುತ್ತದೆ. ಆರೇಳು ವರ್ಷ ಮೇಯಲು ನಡೆಯಬೇಕಾದ ಪ್ರಾಣಿಗೆ ಕಾಲೇ ಆಸ್ತಿ.

ಕೊನೆಗೆ ಕೈಯಾಡಿಸಿ ನೋಡಬೇಕು. ಹಾಲಿನ ಆಡಿನ ಕತ್ತು ಉದ್ದ, ತೆಳುವು; ಚರ್ಮ ಮೃದು, ಸಡಿಲ; ಪಕ್ಕೆಲುಬುಗಳು ಚಪ್ಪಟೆಯಾಗಿ, ನಡುವೆ ಎಡೆಯಿಟ್ಟು, ಹಿಂದಕ್ಕೆ ಓರೆಯಾಗಿರುತ್ತವೆ. ದುಂಡುದುಂಡಾಗಿ ಕೊಬ್ಬಿದ ಮರಿ ನೋಡಲು ಚೆಂದ; ಆದರೆ ಅದರ ಗುಣ ಮಾಂಸದ ಕಡೆಗೆ ವಾಲಿದೆಯೆಂದೋ ಕಾಳು ಅತಿಯಾಯಿತೆಂದೋ ತಿಳಿಯಬೇಕು.

ಕಾಣದ ಕೆಚ್ಚಲು

ಇಷ್ಟೆಲ್ಲ ನೋಡಿದರೂ ಮುಖ್ಯವಾದದ್ದು ಒಂದು ಕಾಣುವುದೇ ಇಲ್ಲ. 1904ರಲ್ಲಿ ಹುಟ್ಟಿದ ಅಮೆರಿಕದ ಹಾಲಿನ ಆಡುಗಳ ಸಂಘ ಕರೆಯುವ ಆಡಿಗೆ ನೂರು ಅಂಕಗಳನ್ನು ಹಂಚುವಾಗ ಒಟ್ಟು ಮೈಕಟ್ಟಿಗೆ 35, ಹಾಲಿನ ಲಕ್ಷಣಕ್ಕೆ 20, ಎದೆ ಹೊಟ್ಟೆಗಳ ವಿಸ್ತಾರಕ್ಕೆ 10, ಕೆಚ್ಚಲಿಗೆ 35 ಎಂದು ಇಟ್ಟಿದೆ. ಮರಿಯ ಪರೀಕ್ಷೆಯಲ್ಲಿ ಆ ಕೊನೆಯ 35 ಅಂಕಗಳ ಉತ್ತರಪತ್ರಿಕೆ ಇನ್ನೂ ಬರೆದೇ ಇಲ್ಲ! ಮೂರು ತಿಂಗಳ ಮರಿಯನ್ನು ನೋಡಿ ಇದು ಇಷ್ಟು ಹಾಲು ಕೊಡುತ್ತದೆಂದು ಆಣೆಯಿಡುವವನನ್ನು ನಂಬಬೇಡಿ.

ಹಾಗಾದರೆ ಗತಿ? ನಮ್ಮ ಹಿರಿಯರು ಹೇಳಿಯೇ ಇದ್ದಾರೆ: ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಮರಿಯನ್ನು ಕೊಳ್ಳುವ ಮುನ್ನ ತಾಯಿಯನ್ನು ಕರೆಯುವ ಹೊತ್ತಿಗೆ ಹೋಗಿ ನೋಡಿ. ಕೆಚ್ಚಲು ಮೈಗೆ ಅಗಲವಾಗಿ ಅಂಟಿಕೊಂಡಿದೆಯೇ, ಚೀಲದಂತೆ ಜೋತು ಬಿದ್ದಿದೆಯೇ? ಎರಡು ಭಾಗಗಳೂ ಸಮವೇ? ತೊಟ್ಟು ಬೆರಳಿಗೆ ಸಿಗುವ ಹದದಲ್ಲಿದೆಯೇ? ಕರೆದ ಮೇಲೆ ಕೆಚ್ಚಲು ಮೆತ್ತಗಾಗುತ್ತದೆಯೇ, ಗಡ್ಡೆಯಂತೆ ಉಳಿಯುತ್ತದೆಯೇ? ಅಕ್ಕಂದಿರು ಇದ್ದರೆ ಅವರನ್ನೂ ನೋಡಿ. ತಂದೆಯ ತಾಯಿ ಎಷ್ಟು ಕರೆಯುತ್ತಿದ್ದಳೆಂದು ಕೇಳಿ. ಅದನ್ನು ಕೇಳುವವರು ನೂರಕ್ಕೊಬ್ಬರು.

ಸ್ವಂತ ಹಿಂಡಾದರೆ ಒಂದು ವಹಿ ಇಡುವುದು ಅಗತ್ಯ. ತಿಂಗಳಿಗೊಂದು ದಿನ, ಗೊತ್ತಾದ ಹೊತ್ತಿಗೆ ಸಂಜೆ ಕೆಚ್ಚಲನ್ನು ಬರಿದು ಮಾಡಿ ಮರಿಗಳನ್ನು ಬೇರೆ ಕಟ್ಟಿ, ಬೆಳಗ್ಗೆ ಅದೇ ಹೊತ್ತಿಗೆ ಕರೆದ ಹಾಲನ್ನು ಅಳೆದು ಬರೆದರೆ ಸಾಕು. ಎರಡು ವರ್ಷದಲ್ಲಿ ಆ ವಹಿ ಯಾವ ಪರೀಕ್ಷಕನಿಗಿಂತಲೂ ಹೆಚ್ಚು ನಿಜ ಹೇಳುತ್ತದೆ. ಹುಟ್ಟಿದಾಗ ಒಂಟಿಯೋ ಅವಳಿಯೋ ಎಂಬುದನ್ನೂ ಬರೆದಿಡಿ. ಒಂಟಿ ಮರಿ ತಾಯಿಯ ಹಾಲನ್ನೆಲ್ಲ ಕುಡಿದು ದೊಡ್ಡದಾಗಿ ಕಾಣುವುದು ಸಹಜ. ಪಾಲು ಹಂಚಿಕೊಂಡ ಅವಳಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಸಣ್ಣದೆಂದು ತಳ್ಳುವುದು ನ್ಯಾಯವಲ್ಲ.

ಹೋತ ಹಿಂಡಿನ ಅರ್ಧ

ಒಂದು ಹೆಣ್ಣು ಮರಿಯ ಆಯ್ಕೆ ತಪ್ಪಿದರೆ ನಷ್ಟ ಒಂದು ಕೊಟ್ಟಿಗೆಯ ಮೂಲೆಗೆ. ಹೋತದ ಆಯ್ಕೆ ತಪ್ಪಿದರೆ ಇಪ್ಪತ್ತು ಮೂವತ್ತು ಆಡುಗಳ ಮರಿಗಳಿಗೆಲ್ಲ ಅದರ ದೋಷ. ಆದುದರಿಂದ ಗಂಡು ಮರಿಯ ಪರೀಕ್ಷೆ ಹೆಣ್ಣಿನದಕ್ಕಿಂತ ಕಠಿಣವಾಗಿರಬೇಕು. ಎರಡು ಬೀಜಗಳೂ ಕೆಳಗಿಳಿದು ಸಮನಾಗಿ ಗಟ್ಟಿಯಾಗಿರಬೇಕು. ಒಂದೇ ಇಳಿದಿದ್ದರೆ ಬೇರೇನೂ ನೋಡುವ ಅಗತ್ಯವಿಲ್ಲ. ಅತ್ಯುತ್ತಮ ತಾಯಂದಿರ ಗಂಡು ಮರಿಗಳಲ್ಲಿ ಒಂದೆರಡನ್ನು ಉಳಿಸಿ, ಮಿಕ್ಕವುಗಳ ಬೀಜ ಒಡೆಸಬೇಕು ಇಲ್ಲವೆ ಮಾರಬೇಕು. ಗಂಡು ಮರಿ ನಾಲ್ಕು ತಿಂಗಳಿಗೇ ತಂಟೆಗೆ ತೊಡಗುವುದರಿಂದ ಅಷ್ಟರೊಳಗೆ ಬೇರೆ ಕಟ್ಟಬೇಕು. ತನ್ನ ಹೆಣ್ಣು ಮಕ್ಕಳು ಬೆದೆಗೆ ಬರುವ ಮೊದಲೇ ಹೋತವನ್ನು ಬದಲಿಸಬೇಕು. ಹಳ್ಳಿಯ ನಾಲ್ಕು ಮನೆಗಳು ಕೂಡಿ ಒಂದು ಒಳ್ಳೆಯ ಹೋತವನ್ನು ಸಾಕಿ, ಎರಡು ವರ್ಷಕ್ಕೊಮ್ಮೆ ಪಕ್ಕದ ಊರಿನವರೊಡನೆ ಬದಲಾಯಿಸಿಕೊಂಡರೆ ಖರ್ಚೂ ಕಡಿಮೆ, ಚೆನ್ನಾದದ್ದನ್ನು ಸಂತೆಗೆ ಅಟ್ಟುವ ಒತ್ತಡವೂ ಕಡಿಮೆ.

ಅಳತೆಯ ದಾರ

ಹೆಣ್ಣು ಮರಿಯನ್ನು ಮೊದಲ ಸಲ ಹೋತಕ್ಕೆ ಬಿಡುವುದಕ್ಕೆ ವಯಸ್ಸಿಗಿಂತ ತೂಕವೇ ಅಳತೆ. ಆ ತಳಿಯ ಬೆಳೆದ ಆಡಿನ ತೂಕದ ಮೂರರಲ್ಲಿ ಎರಡು ಪಾಲು ತುಂಬಬೇಕು. ತಕ್ಕಡಿ ಇಲ್ಲವೆ? ಮನೆಯ ಹೊಲಿಗೆಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂಟಿಮೀಟರುಗಳಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,800ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋಗಳಲ್ಲಿ ಬರುತ್ತದೆ. ಸುತ್ತಳತೆ 60, ಉದ್ದ 55 ಇದ್ದರೆ ಮರಿ ಸುಮಾರು 18 ಕಿಲೋ. ಬೆಳೆದ ಆಡು 33 ಕಿಲೋ ತೂಗುವ ಹಿಂಡಿನಲ್ಲಿ 22 ಆಗುವ ತನಕ ಇದು ಕಾಯಲಿ. ಗಬ್ಬದ ಅವಧಿ ಐದು ತಿಂಗಳು; ತಾನೇ ಬೆಳೆಯುತ್ತಿರುವ ಮರಿ ಇನ್ನೊಂದನ್ನು ಹೊತ್ತರೆ ಎರಡೂ ಸೊರಗುತ್ತವೆ.

ಬೆಳೆಯುವ ಮರಿಯ ಅಂದ ನಡುವೆ ಕೆಡುವುದೂ ಉಂಟು. ಸೊಂಟ ಎತ್ತರವಾಗಿ, ಹೆಗಲು ತಗ್ಗಾಗಿ, ಕಾಲುಗಳೇ ಹೆಚ್ಚಾಗಿ ಕಾಣುವ ಕೆಲವು ತಿಂಗಳು ಬರುತ್ತವೆ. ಆಗ ಮುಖ ಸಿಂಡರಿಸಿ ಸಂತೆಗೆ ಕಳುಹಿಸಬೇಡಿ. ಹುಟ್ಟಿದಾಗ ಒಮ್ಮೆ, ಹಾಲು ಬಿಡಿಸಿದಾಗ ಒಮ್ಮೆ, ಹೋತಕ್ಕೆ ಬಿಡುವ ಮುನ್ನ ಒಮ್ಮೆ, ಮೊದಲ ಸೂಲಿನ ನಂತರ ಒಮ್ಮೆ, ಹೀಗೆ ನಾಲ್ಕು ಸಲ ನೋಡಿದ ಮೇಲೆಯೇ ತೀರ್ಪು. ಮೊದಲ ಮೂರರಲ್ಲಿ ಸ್ಪಷ್ಟ ದೋಷವುಳ್ಳವನ್ನು ಬಿಡಬಹುದು. ಇದೇ ಉತ್ತಮವೆಂದು ಹೇಳುವ ಅಧಿಕಾರ ನಾಲ್ಕನೆಯದಕ್ಕೆ ಮಾತ್ರ.

ಮಥುರೆಯ ಬಳಿಯ ಮಖ್ದೂಮಿನಲ್ಲಿ 1979ರಿಂದ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದೆ. ಆದರೆ ದೇಶದ ಕೋಟಿಗಟ್ಟಲೆ ಆಡುಗಳ ಭವಿಷ್ಯ ನಿರ್ಧಾರವಾಗುವುದು ಅಂಗಳದಲ್ಲಿ, ವ್ಯಾಪಾರಿ ಹಣ ಎಣಿಸುತ್ತ ನಿಂತಿರುವ ಹೊತ್ತಿನಲ್ಲಿ. ಆಗ ಮನೆಯಾಕೆ ಆ ವಹಿಯನ್ನು ತೆರೆದು, "ಇದನ್ನು ಬಿಟ್ಟು ಬೇರೆ ಯಾವುದನ್ನಾದರೂ ಒಯ್ಯಿರಿ" ಎಂದು ಹೇಳುವಂತಾದರೆ ಈ ವಿದ್ಯೆ ಸಾರ್ಥಕ.