ಒಂದೇ ಜನ್ಮದಲ್ಲಿ ವಿಕಾಸವುಂಟೆ?

ಮನುಷ್ಯನು ತನ್ನ ಜೀವಮಾನದಲ್ಲಿಯೇ ವಿಕಾಸ ಹೊಂದಬಲ್ಲನೆ? ಈ ಪ್ರಶ್ನೆಯು ವಿದ್ವಾಂಸರ ಕೊಠಡಿಗೆ ಮಾತ್ರ ಸೇರಿದ್ದೆಂದು ಕೆಲವರು ಭಾವಿಸಬಹುದು. ಆದರೆ ಸಭೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ವಿಕಾಸವೆಂಬ ಶಬ್ದವು ಈಗ ಧಾರಾಳವಾಗಿ ಕೇಳಿಬರುತ್ತಿರುವುದು. ಸಾಮು ಮಾಡಿ ಮೈ ಬೆಳೆಸಿದವನೂ ವಿಕಾಸ ಹೊಂದಿದವನಂತೆ. ಆಹಾರ ಬದಲಾಯಿಸಿದವನೂ ವಿಕಾಸ ಹೊಂದಿದವನಂತೆ. ಇದು ಬರಿಯ ಶಬ್ದದ ಸಡಿಲಿಕೆಯಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಆದರೆ ಈ ಪ್ರಶ್ನೆಯ ಸರಿಯಾದ ಉತ್ತರವು ಜನರಿಗೆ ತಿಳಿಯದಿರುವುದರಿಂದ ನಮ್ಮ ದೇಶದಲ್ಲಿ ಪ್ರಾಣಹಾನಿಗೂ ದಾರಿಯಾಗುತ್ತಿದೆ. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿರುವೆವು.

ಮೊದಲು ಉತ್ತರವನ್ನು ಹೇಳಿಬಿಡುವೆವು. ವ್ಯಕ್ತಿಯು ಬದಲಾಗುವನು, ವಿಕಾಸ ಹೊಂದುವುದು ಸಂತತಿಯ ಸಮುದಾಯ. ಮೈಸೂರಿನ ಯುವಕನೊಬ್ಬನು ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದ ಲೇಹ ಪಟ್ಟಣಕ್ಕೆ ಹೋಗಿ ನೆಲಸಿದನೆನ್ನೋಣ. ಮೊದಲು ಅವನಿಗೆ ಏದುಸಿರು, ತಲೆನೋವು. ಕೆಲವು ವಾರಗಳಲ್ಲಿ ಅವನ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಿ, ಅವನು ಅಲ್ಲಿಯ ಗಾಳಿಗೆ ಹೊಂದಿಕೊಳ್ಳುವನು. ಊರಿಗೆ ಮರಳಿದ ಮೇಲೆ ಆ ಹೆಚ್ಚಳವೂ ಇಳಿದುಹೋಗುವುದು. ಆದರೆ ಟಿಬೆಟ್ಟಿನ ಮೂಲನಿವಾಸಿಗಳ ವಿಷಯವೇ ಬೇರೆ. ಆ ತೆಳುಗಾಳಿಯಲ್ಲಿ ಬಾಳಲು ಅನುಕೂಲವಾದ ವಂಶವಾಹಿಯು ಅವರಲ್ಲಿ ಬಹುಮಂದಿಗೆ ಹುಟ್ಟಿನಿಂದಲೇ ಇರುವುದೆಂದು 2010ರಲ್ಲಿ ಸಂಶೋಧಕರು ತೋರಿಸಿದರು. ಅದನ್ನು ಹೊಂದಿದವರು ಹೆಚ್ಚು ಮಕ್ಕಳನ್ನು ಉಳಿಸಿಕೊಂಡರು. ನೂರಾರು ತಲೆಮಾರುಗಳಲ್ಲಿ ಅದು ಸಮುದಾಯವನ್ನೆಲ್ಲ ವ್ಯಾಪಿಸಿತು. ಯುವಕನಿಗಾದದ್ದು ಹೊಂದಾಣಿಕೆ, ಟಿಬೆಟ್ಟಿನವರಿಗಾದದ್ದು ವಿಕಾಸ.

ಒಬ್ಬನು ಸಂಪಾದಿಸಿದ ದೇಹಗುಣವು ಅವನ ಮಕ್ಕಳಿಗೆ ಇಳಿಯದೆ ಎಂದು ಕೆಲವರು ಕೇಳುವರು. ಫ್ರಾನ್ಸಿನ ಲಾಮಾರ್ಕನು 1809ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಾಗೆಯೇ ವಾದಿಸಿದ್ದನು. ಜರ್ಮನಿಯ ವೈಸ್‌ಮನ್ನನು 1880ರ ದಶಕದಲ್ಲಿ ಐದು ತಲೆಮಾರುಗಳ ಇಲಿಗಳ ಬಾಲಗಳನ್ನು ಕತ್ತರಿಸಿ ಇದನ್ನು ಪರೀಕ್ಷಿಸಿದನು. ಹುಟ್ಟಿದ 901 ಮರಿಗಳಲ್ಲಿ ಒಂದಕ್ಕಾದರೂ ಬಾಲವು ಮೊಟಕಾಗಿರಲಿಲ್ಲ. ಇದನ್ನು ಅರಿಯಲು ನಮಗೆ ಜರ್ಮನಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ತಲೆಮಾರುಗಳಿಂದ ಮಕ್ಕಳ ಕಿವಿ ಚುಚ್ಚಿಸುತ್ತ ಬಂದಿರುವೆವು. ಆದರೂ ಇಂದು ಹುಟ್ಟಿದ ಕೂಸಿಗೆ ಅಕ್ಕಸಾಲಿಗನನ್ನು ಪುನಃ ಕರೆಯಲೇಬೇಕಾಗಿದೆ! ಹಸಿವು ಮೊದಲಾದ ಕಷ್ಟಗಳು ವಂಶವಾಹಿಗಳ ಕೆಲಸದ ಮೇಲೆ ಗುರುತು ಬಿಡಬಲ್ಲುವೆಂಬುದು ಈಚೆಗೆ ತಿಳಿದುಬಂದಿರುವುದು ನಿಜ. ಆದರೆ ಅದರಿಂದ ವಂಶವಾಹಿಯ ಬರಹವೇ ತಿದ್ದಲ್ಪಡುವುದಿಲ್ಲ.

ಹಾಗಾದರೆ ಒಂದು ಜೀವಮಾನದಲ್ಲಿ ವಿಕಾಸವನ್ನು ಕಾಣುವುದು ಅಸಾಧ್ಯವೆ? ಇಲ್ಲಿಯೇ ವಿಷಯದ ತಿರುಳಿದೆ. ನಮ್ಮ ಒಂದು ಜನ್ಮದಲ್ಲಿ ನೂರಾರು ತಲೆಮಾರು ಕಳೆಯುವ ಜೀವಿಗಳು ನಮ್ಮ ಶರೀರದೊಳಗೇ ಇರುವುವು. ಕ್ಷಯದ ರೋಗಾಣುವು ಒಂದು ದಿನಕ್ಕಿಂತ ಕಡಿಮೆ ಕಾಲದಲ್ಲಿ ಎರಡಾಗಬಲ್ಲುದು. ರೋಗಿಯ ಶ್ವಾಸಕೋಶದ ಒಂದು ಗುಳಿಯಲ್ಲಿ ಅವು ಕೋಟಿಗಟ್ಟಲೆ ಇರಬಹುದು. ಮನುಷ್ಯನು ವಿಕಾಸ ಹೊಂದುವುದಿಲ್ಲ. ಆದರೆ ಅವನ ಎದೆಯೊಳಗಿನ ಈ ಸಮುದಾಯವು ಕೆಲವೇ ತಿಂಗಳುಗಳಲ್ಲಿ ವಿಕಾಸ ಹೊಂದಬಲ್ಲುದು.

ಔಷಧದ ರುಚಿ ಕಂಡ ರೋಗಾಣುವು ಅದನ್ನು ತಾಳಿಕೊಳ್ಳಲು ಕಲಿಯುವುದೆಂದು ಜನರು ಹೇಳುವುದುಂಟು. ಇದೂ ಲಾಮಾರ್ಕನ ತಪ್ಪೇ. 1943ರಲ್ಲಿ ಅಮೆರಿಕದಲ್ಲಿ ಲೂರಿಯ ಮತ್ತು ಡೆಲ್‌ಬ್ರೂಕ್ ಎಂಬಿಬ್ಬರು ಬೇರೊಂದು ಜಾತಿಯ ಅಣುಜೀವಿಗಳ ಮೇಲೆ ಪ್ರಯೋಗ ನಡೆಸಿ, ಶತ್ರುವನ್ನು ಎದುರಿಸುವ ಶಕ್ತಿಯು ಶತ್ರುವು ಬರುವ ಮೊದಲೇ ಅಲ್ಲೊಂದು ಇಲ್ಲೊಂದು ಜೀವಿಯಲ್ಲಿ ಆಕಸ್ಮಿಕವಾಗಿ ಹುಟ್ಟಿರುವುದೆಂದು ಸ್ಥಾಪಿಸಿದರು. ಹಾಗೆಯೇ ಐಸೋನಿಯಾಜಿಡ್ ಎಂಬ ಔಷಧವನ್ನು ತಾಳಬಲ್ಲ ಕ್ಷಯಾಣುವು ಸುಮಾರು ಹತ್ತು ಲಕ್ಷಕ್ಕೊಂದು ಇರುವುದು. ಆ ಔಷಧವೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು, ಆ ಒಂದರ ಸಂತಾನವೇ ರಾಜ್ಯವಾಳುವುದು. ಕಲಿತದ್ದು ಯಾವುದೂ ಇಲ್ಲ. ಉಳಿದದ್ದು ಒಂದು, ಅಷ್ಟೇ.

ಈ ಪಾಠಕ್ಕೆ ಜಗತ್ತು ಬೆಲೆ ತೆತ್ತಿದೆ. 1943ರಲ್ಲಿ ಕಂಡುಹಿಡಿಯಲ್ಪಟ್ಟ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ರಾಮಬಾಣವೆಂದು ಎಲ್ಲರೂ ನಂಬಿದ್ದರು. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳೊಳಗೆ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಪಡೆಯದ 52 ಮಂದಿಯಲ್ಲಿ 14 ಮಂದಿಯೂ ಮೃತರಾದರು. ಆದರೆ ಔಷಧ ಪಡೆದವರಲ್ಲಿ ಅನೇಕರ ರೋಗಾಣುಗಳು ಅದಕ್ಕೆ ಮಣಿಯದವಾದುವು. ಗುಣ ಕಂಡವರೂ ಪುನಃ ಹಾಸಿಗೆ ಹಿಡಿದರು. ಅಂದಿನಿಂದ ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವು ಬಂದಿತು. ಇದರ ಲೆಕ್ಕವು ಸುಲಭವಾಗಿದೆ. ರಿಫಾಂಪಿಸಿನ್ ತಾಳಬಲ್ಲ ಕ್ಷಯಾಣುವು ಸುಮಾರು ಹತ್ತು ಕೋಟಿಗೊಂದು. ಅದನ್ನೂ ಐಸೋನಿಯಾಜಿಡನ್ನೂ ಎರಡನ್ನೂ ತಾಳಬಲ್ಲದ್ದು ನೂರು ಲಕ್ಷ ಕೋಟಿಗೊಂದಾಗುವುದು. ಅಷ್ಟು ರೋಗಾಣುಗಳು ಒಬ್ಬ ರೋಗಿಯಲ್ಲಿ ಇರುವುದೇ ಇಲ್ಲ.

ಆದರೆ ಈ ಕೋಟೆಯನ್ನು ನಾವೇ ಒಡೆಯುತ್ತಿರುವೆವು. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈಯಲ್ಲಿ ಬಲ ಬಂದೊಡನೆ ರೋಗಿಯು ತನಗೆ ಗುಣವಾಯಿತೆಂದು ಬಗೆಯುವನು. ಸಾಮಾನ್ಯವಾಗಿ ಆರು ತಿಂಗಳು ನಡೆಯತಕ್ಕ ಚಿಕಿತ್ಸೆಯು ಅರ್ಧಕ್ಕೆ ನಿಲ್ಲುವುದು; ಅಥವಾ ಒಂದು ಗುಳಿಗೆ ನುಂಗಿ ಮತ್ತೊಂದನ್ನು ಬಿಡುವುದಾಗುವುದು. ಆಗ ಅಳಿಯದೆ ಉಳಿದ ರೋಗಾಣುಗಳು ತಲೆಯೆತ್ತುವುವು. ಅವು ಆತನೊಬ್ಬನಲ್ಲಿಯೇ ನಿಲ್ಲವು; ಕೆಮ್ಮಿನೊಂದಿಗೆ ಮನೆಯವರಿಗೂ ನೆರೆಯವರಿಗೂ ಹರಡುವುವು. ಗಳಿಸಿದ ವಿದ್ಯೆಯು ಮಗುವಿಗೆ ರಕ್ತದಲ್ಲಿ ಇಳಿಯದು. ಆದರೆ ಕೆರಳಿಸಿ ಬಿಟ್ಟ ಕ್ಷಯವು ಉಸಿರಿನಲ್ಲಿ ಇಳಿಯುವುದು. ಜಗತ್ತಿನಲ್ಲಿ ವರ್ಷವರ್ಷವೂ ಕ್ಷಯಕ್ಕೆ ತುತ್ತಾಗುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಭಾರತೀಯರೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ನಾವು ರೋಗಿಯನ್ನೇ ದೂರುವವರಲ್ಲ. ದಿನಗೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವ ಬಡವನ ಕಷ್ಟವು ನಮಗೆ ಗೊತ್ತಿದೆ. ಕ್ಷಯದ ಔಷಧವನ್ನು ಸರಕಾರವು ಉಚಿತವಾಗಿ ಕೊಡುತ್ತಿರುವುದು ಸ್ತುತ್ಯವಾದ ಕಾರ್ಯ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತೆಂಬುದು ನಮಗೆ ಅಭಿಮಾನದ ವಿಷಯವೂ ಹೌದು. ಆದರೆ ಒಂದು ಊರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಔಷಧವು ತೀರಿಹೋದರೆ, ಅದು ಕಡತದಲ್ಲಿ ಬರೆಯತಕ್ಕ ಸಣ್ಣ ಕೊರತೆಯಲ್ಲ. ರೋಗಾಣುಗಳಿಗೆ ನಾವೇ ಕೊಟ್ಟ ಅವಕಾಶ. ಅಧಿಕಾರಿಗಳು ದಾಸ್ತಾನನ್ನು ಆ ದೃಷ್ಟಿಯಿಂದ ನೋಡಬೇಕೆಂದು ನಾವು ಒತ್ತಿ ಹೇಳುವೆವು. ಮನೆಯವರು ರೋಗಿಯ ಕೊನೆಯ ಗುಳಿಗೆಯವರೆಗೂ ಎಣಿಸುತ್ತಿರಬೇಕು. ನೆಗಡಿಗೂ ಜ್ವರಕ್ಕೂ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ರೋಗಾಣುನಾಶಕಗಳನ್ನು ಕೊಂಡು ಎರಡು ದಿನ ನುಂಗುವ ನಮ್ಮ ಪಟ್ಟಣಿಗರೂ ಈ ಮಾತನ್ನು ತಮಗೆ ಹೇಳಿದುದೆಂದೇ ತಿಳಿಯಬೇಕು.

ನಮ್ಮ ವಂಶವಾಹಿಗಳನ್ನು ಈ ಜನ್ಮದಲ್ಲಿ ನಾವು ಸಾಧನೆಯಿಂದ ತಿದ್ದಲಾರೆವು. ಆದರೆ ನಮ್ಮೊಳಗಿನ ಶತ್ರುವು ಬಲಿಯದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ಆ ಕೆಲಸವನ್ನು ಅರ್ಧಕ್ಕೆ ಬಿಡದಿರೋಣ.