ಹವ್ಯಾಸಕ್ಕೆ ಹಾರುವವರ ಪರವಾನಗಿ

ಬಿಸಿಲೇರಿದ ಹೊತ್ತಿನಲ್ಲಿ ಸಿಂಗಸಂದ್ರದ ಯಾವುದಾದರೊಂದು ಮನೆಯ ತಾರಸಿಯ ಮೇಲೆ ನಿಂತು ಆಕಾಶವನ್ನು ನೋಡಿರಿ. ಹೊಸೂರು ರಸ್ತೆಯ ಗದ್ದಲಕ್ಕೆ ಎತ್ತರದಲ್ಲಿ ಹದ್ದೊಂದು ರೆಕ್ಕೆ ಬಡಿಯದೆ, ಸುತ್ತು ಹಾಕುತ್ತಲೇ ಮೇಲೇರುತ್ತಿರಬಹುದು. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅದನ್ನು ಎತ್ತುತ್ತದೆ. ಗ್ಲೈಡರೆಂಬ ಎಂಜಿನಿಲ್ಲದ ವಿಮಾನದ ಗುಟ್ಟೂ ಇದೇ. ನೆಲದ ಮೇಲಿನ ಯಂತ್ರವೊಂದು ಹಗ್ಗದಿಂದ ಎಳೆದು, ಇಲ್ಲವೆ ಮತ್ತೊಂದು ವಿಮಾನ ಸೆಳೆದೊಯ್ದು ಅದನ್ನು ಎತ್ತರಕ್ಕೆ ಬಿಡುತ್ತದೆ. ಅಲ್ಲಿಂದ ಮುಂದೆ ಗಾಳಿಯೂ ಚಾಲಕನ ಜಾಣ್ಮೆಯೂ ಸೇರಿ ಅದನ್ನು ನಡೆಸಬೇಕು.

ಒಳ್ಳೆಯ ಗ್ಲೈಡರು ಒಂದು ಕಿಲೋಮೀಟರು ಕೆಳಗಿಳಿಯುವಷ್ಟರಲ್ಲಿ 30 ಕಿಲೋಮೀಟರು ಮುಂದೆ ಸಾಗಬಲ್ಲದು. ಸಿಂಗಸಂದ್ರದಿಂದ ಬೆಂಗಳೂರಿನ ಉತ್ತರದಂಚಿನ ಜಕ್ಕೂರು ವಿಮಾನ ಮೈದಾನಕ್ಕೆ ನೇರ ದೂರ ಸುಮಾರು 22 ಕಿಲೋಮೀಟರು. ಲೆಕ್ಕದ ಮಟ್ಟಿಗೆ ಎಂಜಿನಿಲ್ಲದೆಯೇ ತಲುಪಿಬಿಡಬಹುದು! ಆದರೆ ನಡುವೆ ಇಡೀ ನಗರವಿದೆ, ಅದರಲ್ಲಿ ನಾವಿದ್ದೇವೆ. ಆದುದರಿಂದಲೇ ಹಾರುವವನಿಗೆ ಪರವಾನಗಿ ಬೇಕು. ಅದು ಹೇಗಿರಬೇಕೆಂಬುದು ಹಾರುವವನೊಬ್ಬನ ಚಿಂತೆಯಲ್ಲ, ಕೆಳಗೆ ವಾಸಿಸುವವರ ಚಿಂತೆಯೂ ಹೌದು.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಜಕ್ಕೂರಿನ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲಿ ಹುಟ್ಟಿದ್ದು. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯ 'ಪುಷ್ಪಕ'ವೆಂಬ ಎರಡು ಆಸನದ ಪುಟ್ಟ ವಿಮಾನ 1958ರಲ್ಲಿ ಮೊದಲು ಹಾರಿ, ಮುಂದೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿತು. ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಯೇ ರೂಪಿಸಿದ 'ರೋಹಿಣಿ' ಗ್ಲೈಡರು 1961ರಲ್ಲಿ ಹಾರಿತು. ಅದರಲ್ಲಿ ಗುರುವೂ ಶಿಷ್ಯನೂ ಪಕ್ಕಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದರು.

ಇನ್ನು ಕಾನೂನಿನ ಮಾತು. 1934ರ ವಿಮಾನ ಕಾಯಿದೆ ತೊಂಬತ್ತು ವರ್ಷ ನಡೆಯಿತು. ಅದರ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಎಂಬುದು 2025ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೆ ಪರವಾನಗಿಯ ವಿವರಗಳಿರುವುದು 1937ರ ನಿಯಮಗಳಲ್ಲಿ. ಅವುಗಳ ಪ್ರಕಾರ ಗ್ಲೈಡರ್ ಚಾಲಕನಿಗೆ ಕನಿಷ್ಠ 16 ವರ್ಷ ತುಂಬಿರಬೇಕು. ಎಂಜಿನುಳ್ಳ ವಿಮಾನದ ಖಾಸಗಿ ಪರವಾನಗಿಗೆ 17 ವರ್ಷ, 40 ಗಂಟೆಗಳ ಹಾರಾಟ, ವೈದ್ಯ ಪರೀಕ್ಷೆ, ಲಿಖಿತ ಪರೀಕ್ಷೆ ಇವೆಲ್ಲ ಆಗಬೇಕು. ಖಾಸಗಿ ಪರವಾನಗಿದಾರನು ಸ್ನೇಹಿತರನ್ನು ಕರೆದೊಯ್ಯಬಹುದೇ ಹೊರತು ಕೂಲಿಗೆ ಹಾರುವಂತಿಲ್ಲ. ಅದಕ್ಕೆ ಬೇರೆ ಪರವಾನಗಿ, 200 ಗಂಟೆಗಳ ಹಾರಾಟ.

ಇಲ್ಲಿ ಒಂದು ತೊಡಕುಂಟು. ಭಾನುವಾರ ಒಂದು ಗಂಟೆ ಮೈದಾನದ ಸುತ್ತ ಹಾರಬಯಸುವವನೂ ವಿಮಾನ ಚಾಲನೆಯನ್ನೇ ಕಸುಬಾಗಿಸಿಕೊಳ್ಳುವವನೂ ಬಹುದೂರದವರೆಗೆ ಒಂದೇ ಮೆಟ್ಟಿಲುಗಳನ್ನು ಹತ್ತಬೇಕು. ಕಸುಬಿನವನಿಗೆ ಮುಂದೆ ಸಂಬಳವಿದೆ, ಹವ್ಯಾಸಿಗೆ ಖರ್ಚು ಮಾತ್ರ. ಹೀಗಾಗಿ ಹಾರಾಟವು ಉಳ್ಳವರ ಆಟವಾಗಿಯೇ ಉಳಿಯಿತು.

ಈ ಕೊರತೆಯನ್ನು ಗಮನಿಸಿ ಕೇಂದ್ರ ಸರ್ಕಾರವು 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು. ಗ್ಲೈಡರು, ಪ್ಯಾರಾಗ್ಲೈಡಿಂಗ್, ಬಲೂನು, ಹಗುರ ವಿಮಾನ ಮುಂತಾದ 11 ಕ್ರೀಡೆಗಳು ಅದರಲ್ಲಿ ಸೇರಿವೆ. ಮೇಲೊಂದು ರಾಷ್ಟ್ರೀಯ ಒಕ್ಕೂಟ, ಅದರ ಕೆಳಗೆ ಆಯಾ ಕ್ರೀಡೆಯ ಸಂಘಗಳು, ತಳದಲ್ಲಿ ಜಿಲ್ಲಾ ಮಟ್ಟದ ಸಂಘಗಳು ಇರಬೇಕು; ಸುರಕ್ಷತೆಯ ಕಟ್ಟಳೆಗಳನ್ನು ಸಂಘಗಳು ರಚಿಸಿ ಪಾಲಿಸಬೇಕು; ಸಲಕರಣೆಗಳು ನೋಂದಣಿಯಾಗಬೇಕು ಎಂಬುದು ಅದರ ಆಶಯ. ಆದರೆ ನೀತಿಯೆಂದರೆ ಕಾಯಿದೆಯಲ್ಲ. ಅದು ದಾರಿಯನ್ನು ತೋರಿಸುತ್ತದೆ, ನಡೆಯಬೇಕಾದವರು ನಿಯಮ ಬರೆಯುವವರು.

ಬೇರೆ ದೇಶಗಳವರು ಏನು ಮಾಡಿದ್ದಾರೆ? ಅಮೆರಿಕದಲ್ಲಿ 14 ವರ್ಷದ ಹುಡುಗನೋ ಹುಡುಗಿಯೋ ಒಬ್ಬರೇ ಗ್ಲೈಡರು ಹಾರಿಸಬಹುದು. ಗ್ಲೈಡರಿಗೆ ವೈದ್ಯರ ಪ್ರಮಾಣಪತ್ರವೂ ಬೇಕಿಲ್ಲ. 2004ರಲ್ಲಿ ಅಲ್ಲಿ 'ಕ್ರೀಡಾ ಪೈಲಟ್' ಪರವಾನಗಿ ಬಂದಿತು. ಮೋಟಾರು ಚಾಲನೆಯ ಲೈಸೆನ್ಸಿದ್ದರೆ ಆರೋಗ್ಯದ ಪುರಾವೆಗೆ ಸಾಮಾನ್ಯವಾಗಿ ಅದೇ ಸಾಕು. 2025ರಲ್ಲಿ ಈ ಪರವಾನಗಿಯ ವ್ಯಾಪ್ತಿಯನ್ನು ಮತ್ತಷ್ಟು ಹಿಗ್ಗಿಸಿದರು. ಅಪಾಯ ಎಷ್ಟೋ ಕಟ್ಟುಪಾಡು ಅಷ್ಟು ಎಂಬುದು ಅಲ್ಲಿನ ತತ್ವ.

ನಾವೂ ಅದನ್ನೇ ಮಾಡೋಣವೆ? ಅರ್ಧಕ್ಕೆ ಹೌದು ಎನ್ನಬೇಕು. ಒಬ್ಬನೇ, ಹಗುರ ವಿಮಾನದಲ್ಲಿ, ಹಗಲು ಹೊತ್ತಿನಲ್ಲಿ, ಊರಿಂದಾಚೆ ಹಾರುವವನಿಗೆ ಕಾಗದಪತ್ರಗಳ ಹೊರೆಯನ್ನು ಇಳಿಸಬಹುದು. ಗುರುವಿನೊಡನೆ ಕಲಿಯುವ ಗಂಟೆಗಳನ್ನು ಮಾತ್ರ ಇಳಿಸಬಾರದು. ಇನ್ನೊಬ್ಬರನ್ನು ಹಣಕ್ಕೆ ಕೂರಿಸಿಕೊಂಡು ಹಾರುವಲ್ಲಿ ಬಿಗಿ ಹೆಚ್ಚಬೇಕು. 2025ರ ಜನವರಿಯಲ್ಲಿ ಗೋವೆಯ ಕೇರಿ ಎಂಬಲ್ಲಿ ಪ್ಯಾರಾಗ್ಲೈಡಿಂಗಿಗೆ ಹೋದ ಪ್ರವಾಸಿಯೂ ಹಾರಿಸಿದವನೂ ಇಬ್ಬರೂ ಪ್ರಾಣ ಕಳೆದುಕೊಂಡರು. ಹವ್ಯಾಸದ ಹೆಸರಿನಲ್ಲಿ ನಡೆಯುವ ವ್ಯಾಪಾರಕ್ಕೆ ಹವ್ಯಾಸದ ಸಡಿಲಿಕೆ ಸಲ್ಲದು.

ಮೈದಾನವಿಲ್ಲದೆ ಪರವಾನಗಿಯಿಂದ ಪ್ರಯೋಜನವೂ ಇಲ್ಲ. ಬಳ್ಳಾರಿ ರಸ್ತೆಯ ಮೇಲುಸೇತುವೆ ಎದ್ದಾಗ ಜಕ್ಕೂರಿನ ಓಡುದಾರಿಗೆ ಅಡಚಣೆಯಾಯಿತು. ಊರು ಬೆಳೆದಂತೆ ಇಂಥ ಮೈದಾನಗಳು ಇಕ್ಕಟ್ಟಿಗೆ ಸಿಕ್ಕುತ್ತವೆ. ನಿಯಮ ಬರೆಯುವವರು ಇವುಗಳ ರಕ್ಷಣೆಯನ್ನೂ ನೆನೆಯಬೇಕು.

ನಿಮ್ಮ ಮನೆಯ ಮಕ್ಕಳು ಹಾರಲು ಬಯಸಿದರೆ ಹೆದರಿಸಬೇಡಿ, ಕಣ್ಣು ಮುಚ್ಚಿ ಕಳುಹಿಸಲೂ ಬೇಡಿ. ಮೂರು ಪ್ರಶ್ನೆ ಕೇಳಿರಿ: ಕಲಿಸುವವರ ಪರವಾನಗಿ ಎಲ್ಲಿದೆ? ಈ ಯಂತ್ರದ ನೋಂದಣಿ ಆಗಿದೆಯೆ? ವಿಮೆ ಉಂಟೆ? ಉತ್ತರ ಕೊಡಲು ಹಿಂಜರಿಯುವವರ ಹತ್ತಿರ ಹಣ ಕಟ್ಟಬೇಡಿರಿ. ತಾರಸಿಯ ಮೇಲಿನ ಆ ಹದ್ದಿಗೆ ಯಾರ ಪರವಾನಗಿಯೂ ಬೇಕಿಲ್ಲ, ನಿಜ. ಆದರೆ ಅದೂ ಗೂಡಿನ ಅಂಚಿನಲ್ಲಿ ರೆಕ್ಕೆ ಬಡಿದು ಬಡಿದು ಕಲಿತ ಮೇಲೆಯೇ ಆಕಾಶಕ್ಕೆ ಏರಿದ್ದು.